ರೇಡಿಯೋನಿಯಂತ್ರಿತ ವಿದ್ಯುದ್ದೋಣಿಗಳಿಗೆ ಬ್ಯಾಟರಿಯ ಧಾರಣಶಕ್ತಿಯ ನಿರ್ಣಯ

1898ರಲ್ಲಿ ನಿಕೋಲಾ ಟೆಸ್ಲಾ ಅವರು ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ರೇಡಿಯೋ ತರಂಗಗಳ ಆಜ್ಞೆಗೆ ನಡೆಯುವ ಚಿಕ್ಕ ದೋಣಿಯೊಂದನ್ನು ಪ್ರದರ್ಶಿಸಿದರು. ಅದರ ಚಾಲನೆಗೆ ಬ್ಯಾಟರಿಯೇ ಆಧಾರವಾಗಿದ್ದಿತು. ಇಂದು ಇಂತಹ ದೋಣಿಗಳು ಪಂದ್ಯಗಳಲ್ಲಿ ಮಾತ್ರವಲ್ಲದೆ, ಜಲಾಶಯಗಳ ಆಳವನ್ನು ಅಳೆಯುವ ಉಪಕರಣಗಳನ್ನು ಹೊತ್ತೊಯ್ಯುವುದಕ್ಕೂ ಉಪಯೋಗವಾಗುತ್ತಿವೆ. ನಡುನೀರಿನಲ್ಲಿ ಬ್ಯಾಟರಿ ಬರಿದಾದರೆ ದೋಣಿಯೂ ಉಪಕರಣವೂ ಗಾಳಿಯ ಪಾಲಾಗುವುವು. ಹಾಗೆಂದು ದೊರೆತಷ್ಟು ದೊಡ್ಡ ಬ್ಯಾಟರಿಯನ್ನು ಇರಿಸುವುದೂ ಯುಕ್ತವಲ್ಲ. ತೂಕ ಹೆಚ್ಚಿದಂತೆ ದೋಣಿಯು ನೀರಿನಲ್ಲಿ ಆಳಕ್ಕಿಳಿದು ಜಲದ ಪ್ರತಿರೋಧವೂ ಹೆಚ್ಚುತ್ತದೆ. ಆದುದರಿಂದ ಧಾರಣಶಕ್ತಿಯನ್ನು ಊಹೆಯಿಂದಲ್ಲ, ಗಣನೆಯಿಂದ ನಿರ್ಧರಿಸಬೇಕು.

ಧಾರಣಶಕ್ತಿಯ ಮಾನ ಆಂಪಿಯರ್-ಗಂಟೆ. ಸರಾಸರಿ ವಿದ್ಯುತ್ಪ್ರವಾಹವನ್ನು ಸಂಚಾರದ ಅವಧಿಯಿಂದ ಗುಣಿಸಿದರೆ ವೆಚ್ಚವಾಗುವ ವಿದ್ಯುತ್ತಿನ ಪರಿಮಾಣ ದೊರೆಯುತ್ತದೆ. ಆದರೆ ಲಿಥಿಯಂ ಕೋಶಗಳನ್ನು ಪೂರ್ಣವಾಗಿ ಬರಿದುಮಾಡುವುದು ಅವುಗಳ ಆಯುಸ್ಸಿಗೆ ಹಾನಿಕರ. ಆದಕಾರಣ ಧಾರಣಶಕ್ತಿಯ 80 ಶೇಕಡವನ್ನು ಮಾತ್ರ ಬಳಸಿಕೊಳ್ಳುವುದು ರೂಢಿ.

ಎರಡು ಉದಾಹರಣೆಗಳನ್ನು ಪರಿಶೀಲಿಸೋಣ. ಆಳವನ್ನಳೆಯುವ ದೋಣಿಯೊಂದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 1 ಗಂಟೆ ಸಂಚರಿಸಬೇಕು. ಅದರ ಸರಾಸರಿ ಪ್ರವಾಹ 4 ಆಂಪಿಯರ್ ಎಂದಿಟ್ಟುಕೊಳ್ಳೋಣ. ವೆಚ್ಚ 4 ಆಂಪಿಯರ್-ಗಂಟೆ. ಎದುರುಗಾಳಿಗೆಂದು ಕಾಲುಭಾಗವನ್ನು ಸೇರಿಸಿದರೆ 5, ಇದನ್ನು 0.8ರಿಂದ ಭಾಗಿಸಿದರೆ 6.25 ಆಂಪಿಯರ್-ಗಂಟೆ. ಇನ್ನೊಂದು, ಪಂದ್ಯದ ದೋಣಿ. ಅದರ ಸರಾಸರಿ ಪ್ರವಾಹ 60 ಆಂಪಿಯರ್, ಅವಧಿ 5 ನಿಮಿಷ. ಅದರ ವೆಚ್ಚವೂ 5 ಆಂಪಿಯರ್-ಗಂಟೆ, ಬೇಕಾದ ಧಾರಣಶಕ್ತಿಯೂ 6.25.

ಸಂಖ್ಯೆಗಳು ಒಂದೇ ಆದರೂ ಒಂದೇ ಬಗೆಯ ಬ್ಯಾಟರಿಯು ಎರಡಕ್ಕೂ ಒಪ್ಪದು. ಪ್ರವಾಹವನ್ನು ಧಾರಣಶಕ್ತಿಯಿಂದ ಭಾಗಿಸಿ ಬರುವ ಸಂಖ್ಯೆಯೇ ಕೋಶಗಳ ಮೇಲೆ ಮುದ್ರಿತವಾಗಿರುವ ‘ಸಿ’ ಪ್ರಮಾಣ. ಮೊದಲನೆಯ ದೋಣಿಗೆ ಅದು ಎದುರುಗಾಳಿಯಲ್ಲಿಯೂ ಸುಮಾರು 0.8, ಎರಡನೆಯದಕ್ಕೆ ಸರಾಸರಿಯಲ್ಲಿಯೇ 9.6, ಹೊರಡುವ ಕ್ಷಣದಲ್ಲಿ ಇನ್ನೂ ಅಧಿಕ. ಮಂದವಾಗಿ ಪ್ರವಾಹ ಕೊಡುವ ಕೋಶಗಳನ್ನು ಪಂದ್ಯದ ದೋಣಿಯಲ್ಲಿರಿಸಿದರೆ ವೋಲ್ಟೇಜು ಕುಸಿದು ಕೋಶಗಳು ವಿಪರೀತವಾಗಿ ಕಾಯುವುವು. ಉಬ್ಬಿ ಬೆಂಕಿ ಹತ್ತುವ ಸಂಭವವೂ ಉಂಟು.

ಆಂಪಿಯರ್-ಗಂಟೆಗಳನ್ನು ಹೋಲಿಸುವಾಗ ವೋಲ್ಟೇಜು ಸಮವಾಗಿರತಕ್ಕದ್ದು. ಭಿನ್ನವಾಗಿದ್ದಲ್ಲಿ ಎರಡನ್ನೂ ಗುಣಿಸಿ ವಾಟ್-ಗಂಟೆಗಳಲ್ಲಿ ಹೋಲಿಸಬೇಕು. 3.7 ವೋಲ್ಟಿನ ನಾಲ್ಕು ಲಿಥಿಯಂ ಕೋಶಗಳನ್ನು ಶ್ರೇಣಿಯಲ್ಲಿ ಜೋಡಿಸಿದರೆ 14.8 ವೋಲ್ಟ್ ಬರುವುದು, 6.25 ಆಂಪಿಯರ್-ಗಂಟೆಗೆ ಶಕ್ತಿಸಂಗ್ರಹ 92.5 ವಾಟ್-ಗಂಟೆ. ಕಿಲೋಗ್ರಾಮಿಗೆ 150 ವಾಟ್-ಗಂಟೆಯಂತೆ ಎಣಿಸಿದರೆ ಇದರ ತೂಕ ಸುಮಾರು 0.6 ಕಿಲೋಗ್ರಾಂ. ಕಿಲೋಗ್ರಾಮಿಗೆ 30ರಂತೆ ಕೊಡುವ ಸೀಸ-ಆಮ್ಲದ ಬ್ಯಾಟರಿಯಾದರೋ 3 ಕಿಲೋಗ್ರಾಮಿಗೂ ಮಿಕ್ಕಿರುವುದು.

ಧಾರಣಶಕ್ತಿಯನ್ನು ಹೆಚ್ಚಿಸುವ ಮೊದಲು ವೇಗವನ್ನು ವಿಚಾರಿಸುವುದು ಲೇಸು. ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಬೇಕಾದ ಸಾಮರ್ಥ್ಯವು ಸ್ಥೂಲವಾಗಿ ವೇಗದ ಘನವನ್ನೂ, ನಿಶ್ಚಿತ ದೂರಕ್ಕೆ ತಗಲುವ ಶಕ್ತಿಯು ವೇಗದ ವರ್ಗವನ್ನೂ ಅನುಸರಿಸುತ್ತದೆ. ವೇಗವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಅದೇ ದೂರಕ್ಕೆ 19 ಶೇಕಡ ಶಕ್ತಿ ಉಳಿಯುತ್ತದೆ. ಮೇಲಾಗಿ, ನೀರಿನ ಮಟ್ಟದಲ್ಲಿ 1 ಮೀಟರ್ ಉದ್ದವಿರುವ ದೋಣಿಯ ವೇಗವು ಸೆಕೆಂಡಿಗೆ ಸುಮಾರು 1.25 ಮೀಟರನ್ನು ಸಮೀಪಿಸಿದಾಗ, ತಾನೇ ಎಬ್ಬಿಸಿದ ಅಲೆಗಳ ಪ್ರತಿರೋಧವು ತೀವ್ರವಾಗಿ ಏರುತ್ತದೆ. ಆ ಮಿತಿಯ ಬಳಿ ದೊಡ್ಡ ಬ್ಯಾಟರಿಯ ಬಹುಭಾಗ ಅಲೆಗಳನ್ನೆಬ್ಬಿಸುವುದಕ್ಕೇ ವ್ಯಯವಾಗುವುದು.

ಈ ಗಣನೆಗೆಲ್ಲ ಅಳೆದ ಪ್ರವಾಹವೇ ತಳಹದಿ. ದೋಣಿಯನ್ನು ನೀರಿನಲ್ಲಿ ನಡೆಸಿಯೇ ಪ್ರವಾಹವನ್ನಳೆಯಬೇಕು. ಮೇಜಿನ ಮೇಲೆ ಬರಿದೆ ತಿರುಗುವ ಪ್ರೊಪೆಲರಿಗೆ ಹೊರೆಯೇ ಇರುವುದಿಲ್ಲ. ದಡದ ಸಮೀಪದಲ್ಲಿ ಒಂದು ಅಲ್ಪ ಸಂಚಾರವನ್ನು ಮಾಡಿಸಿ, ಬಳಿಕ ಬ್ಯಾಟರಿಯನ್ನು ತುಂಬಿಸುವಾಗ ಎಷ್ಟು ಆಂಪಿಯರ್-ಗಂಟೆ ಮರಳಿ ಹಿಡಿಯಿತೆಂಬುದನ್ನು ಗುರುತು ಹಾಕಿಕೊಂಡರೆ, ನಿಮಿಷವೊಂದರ ವೆಚ್ಚವು ತಿಳಿದುಬರುವುದು. ಈ ಸಂಖ್ಯೆಯು ಕೈಯಲ್ಲಿರುವವನಕ ದೋಣಿಯನ್ನು ದೂರದ ನೀರಿಗೆ ಕಳುಹಿಸತಕ್ಕದ್ದಲ್ಲ ಎಂಬ ನಿಯಮವನ್ನು ಪ್ರಯೋಗಾಲಯದಲ್ಲಿ ಪಾಲಿಸುವುದು ಕ್ಷೇಮಕರ.