ಎಂಬತ್ತು ದಾಟಿದವರ ಬಿಪಿ: ಕೂತಾಗ ಒಂದು, ನಿಂತಾಗ ಇನ್ನೊಂದು

‘ಎಂಬತ್ತು ದಾಟೇತಿ, ಇನ್ಯಾಕ ಗುಳಿಗಿ?’ ಕೌಜಲಗಿಯ ನಮ್ಮ ಮನೆಯಲ್ಲಿ ಆಯಿ ದಿನಾ ಹೇಳುವ ಮಾತಿದು. ಆಕೆಗೀಗ 84. ಬಿಪಿ 170ರ ಆಸುಪಾಸಿತ್ತು, ಗುಳಿಗೆಯಿಂದ ಇಳಿಯಿತು. ಡೋಸ್ ಹೆಚ್ಚಿಸಿದ ವಾರದಲ್ಲೇ, ನಸುಕಿನಲ್ಲಿ ಬಚ್ಚಲಿಗೆಂದು ಎದ್ದವಳು ತಲೆಸುತ್ತಿ ಬಿದ್ದಳು. ಅವತ್ತಿನಿಂದ ಮನೆಯಲ್ಲಿ ಎರಡು ಪಕ್ಷ: ಗುಳಿಗೆ ಬೇಕು, ಗುಳಿಗೆ ಬೇಡ.

ಎರಡೂ ಕಡೆ ಅರ್ಧರ್ಧ ಸತ್ಯವಿದೆ.

ಮೊದಲು ‘ಬೇಕು’ ಅನ್ನುವವರ ವಾದ. ಇಷ್ಟು ವಯಸ್ಸಾದವರಿಗೆ ಚಿಕಿತ್ಸೆಯಿಂದ ಲಾಭವಿದೆಯೇ ಎಂಬ ಅನುಮಾನ ವೈದ್ಯರಲ್ಲೂ ಇತ್ತು. 2008ರಲ್ಲಿ ಬಂದ ‘ಹೈವೆಟ್’ ಅಧ್ಯಯನ ಉತ್ತರ ಕೊಟ್ಟಿತು. ಅದರಲ್ಲಿದ್ದವರು 80 ಮೀರಿದ 3,845 ಜನ, ಎಲ್ಲರ ಮೇಲಿನ ಅಂಕಿ 160 ಅಥವಾ ಹೆಚ್ಚು. ಗುರಿ 150/80. ಔಷಧಿ ಪಡೆದವರಲ್ಲಿ ಸಾವು ಶೇ 21ರಷ್ಟು, ಹೃದಯ ವೈಫಲ್ಯ ಶೇ 64ರಷ್ಟು ಕಡಿಮೆಯಾಯಿತು. ಹಾಗಾಗಿ ‘ವಯಸ್ಸಾಯ್ತು, ಬಿಡಿ’ ಅನ್ನೋದು ವೈದ್ಯಕೀಯ ಸಲಹೆಯಲ್ಲ, ಮುದುಕರನ್ನು ಲೆಕ್ಕದಿಂದ ಕೈಬಿಡುವ ರೀತಿ.

ಆದರೆ ಅದೇ ಅಧ್ಯಯನ, ನಿಂತಾಗ ಬಿಪಿ 140ಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಂಡಿರಲೇ ಇಲ್ಲ. ಕಾರಣವಿದೆ. ನಾವು ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಹರೆಯದ ದೇಹ ಕ್ಷಣದಲ್ಲಿ ಸರಿಮಾಡಿಕೊಳ್ಳುತ್ತದೆ, ಮುಪ್ಪಿನ ದೇಹ ತಡಮಾಡುತ್ತದೆ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯ ಹೆಚ್ಚು. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಅದಕ್ಕೇ ಯುರೋಪಿನ ಅಧಿಕ ರಕ್ತದೊತ್ತಡ ಸಂಘದ 2023ರ ಮಾರ್ಗಸೂಚಿ, 80 ದಾಟಿದವರಿಗೆ ಮೇಲಿನ ಅಂಕಿಯನ್ನು ಮೊದಲು 140–150ಕ್ಕೆ ತರಲು ಹೇಳುತ್ತದೆ. ದೇಹ ತಡೆದುಕೊಂಡರೆ ಮಾತ್ರ 130ರ ಮೇಲ್ಭಾಗ. ಸಣ್ಣ ಡೋಸ್, ನಿಧಾನದ ಏರಿಕೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಬೇಕಿರುವುದು ಮೂರು ನಿಮಿಷ ಮತ್ತು ತಪ್ಪದೆ ಸಿಗುವ ಗುಳಿಗೆ. ಇಲ್ಲಿ ರಾಜಕೀಯ ಶುರುವಾಗುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ 70 ದಾಟಿದವರಿಗೆಲ್ಲ ಆಯುಷ್ಮಾನ್ ವಿಮೆ ಘೋಷಿಸಿತು. ಅದರ 5 ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದವರಿಗೆ, ತಿಂಗಳ ಬಿಪಿ ಗುಳಿಗೆಗಲ್ಲ. ಲಕ್ವಾ ಹೊಡೆದ ಮೇಲೆ ಹಣವಿದೆ, ಹೊಡೆಯದಂತೆ ತಡೆಯುವ ಗುಳಿಗೆಗೆ ಅದರಲ್ಲಿ ಜಾಗವಿಲ್ಲ. ಅದೇ ವರ್ಷ ಕೋಲಾರದಲ್ಲಿ ಶುರುವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಿಗೆ ಹೋಗಿ ಬಿಪಿ ನೋಡುತ್ತದೆ. ಬಸ್ ಹತ್ತಲಾಗದ ಆಯಿಯಂಥವರಿಗೆ ಇದೇ ಸರಿಯಾದ ದಾರಿ. ಎಷ್ಟು ಮನೆ ಮುಟ್ಟಿದಿರಿ ಅನ್ನುವುದರ ಜೊತೆ, ಎಷ್ಟು ಮುದುಕರನ್ನು ನಿಲ್ಲಿಸಿ ಅಳೆದಿರಿ, ಎಷ್ಟು ಜನರಿಗೆ ಪ್ರತಿ ತಿಂಗಳು ಗುಳಿಗೆ ಮುಟ್ಟಿಸಿದಿರಿ ಅಂತಲೂ ನಾವು ಕೇಳಬೇಕು.

ಆಯಿಯನ್ನು ಬೇರೊಬ್ಬ ವೈದ್ಯರು ನಿಲ್ಲಿಸಿ ಅಳೆದರು. ಕೂತಾಗ 138, ನಿಂತಾಗ 112. ಗುಳಿಗೆ ನಿಲ್ಲಿಸಲಿಲ್ಲ, ಡೋಸ್ ಇಳಿಸಿದರು. ಈಗ ಕೂತಾಗ 146. ಹಾಸಿಗೆಯಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ನೀವಾಗಿಯೇ ಗುಳಿಗೆ ಬಿಡಿಸಬೇಡಿ. ಮುಂದಿನ ಸಲ ವೈದ್ಯರನ್ನು ಇಷ್ಟು ಕೇಳಿ: ‘ನಿಲ್ಲಿಸಿ ಬಿಪಿ ನೋಡ್ತೀರಾ?’