ಒಗರು ಅಂತ ಚೆಲ್ಲಬೇಡಿ, ಸ್ವಾಮಿ!

ರಾಜಾಜಿನಗರದಿಂದ ಕೆಂಗೇರಿಯವರೆಗೆ 'ವೈನ್ಸ್' ಎಂಬ ಬೋರ್ಡಿಗೇನೂ ಬರವಿಲ್ಲ. ಒಳಗೆ ಹೋಗಿ ನೋಡಿದರೆ ಬಹುಪಾಲು ರಮ್ಮು, ಬ್ರಾಂದಿ, ವಿಸ್ಕಿ. ನಿಜವಾದ ವೈನು ಎಲ್ಲೋ ಮೂಲೆಯ ಕಪಾಟಿನಲ್ಲಿ. ಹೀಗಾಗಿ ನಮ್ಮಲ್ಲಿ ಅನೇಕರ ನಾಲಿಗೆಗೆ ವೈನೆಂದರೆ ಸಿಹಿ ಪೋರ್ಟು, ಇಲ್ಲವೇ ಕ್ರಿಸ್ಮಸ್ಸಿಗೆ ನೆರೆಮನೆಯವರು ಕೊಟ್ಟ ಸೀಸೆ.

ಇಂಥ ಮನೆಗೆ ಅಳಿಯಂದಿರು ಸ್ಪೇನಿನ ಗಟ್ಟಿ ಕೆಂಪು ವೈನು ತಂದರೆ ಏನಾಗುತ್ತೆ? ಮಾವನವರು ಒಂದು ಗುಟುಕು ಹಾಕಿ, "ಬಾಯೆಲ್ಲ ಒಣಗುತ್ತಲ್ರೀ, ಕೆಟ್ಟುಹೋಗಿದೆ" ಅಂತಾರೆ. ಮಿಕ್ಕದ್ದು ಸಿಂಕಿಗೆ! 2021ರ ಬಜೆಟ್ಟಿನ ಲೆಕ್ಕದಲ್ಲೂ ಹೊರದೇಶದ ವೈನಿಗೆ ಒಟ್ಟು ಸುಂಕ ಶೇ. 150. ಅಂಗಡಿಯಲ್ಲಿ ಕೊಂಡವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಕೆಟ್ಟಿಲ್ಲ, ಅದು ಒಗರು. ದ್ರಾಕ್ಷಿಯ ಸಿಪ್ಪೆ, ಬೀಜ, ಓಕ್ ಮರದ ಪೀಪಾಯಿಗಳಿಂದ ಇಳಿಯುವ ಟ್ಯಾನಿನ್. ಬಾಳೆಕಾಯಿ, ನೇರಳೆ, ಅಡಿಕೆ ತಿಂದು ಬೆಳೆದ ನಮಗೆ ಒಗರಿನ ಪಾಠವನ್ನು ಸ್ಪೇನಿನವರು ಹೇಳಬೇಕೇ? ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿನಲ್ಲಿ ಘಮವೇ ಮುಂದು, ಒಗರು ಹಿಂದು. ಆ ಅಳತೆಗೋಲು ಹಿಡಿದು ತೆಂಪ್ರಾನಿಯೊ ದ್ರಾಕ್ಷಿಯ ರಿಯೋಹಾ ವೈನನ್ನು ಅಳೆದರೆ ತಪ್ಪು.

ಹಾಗಾದರೆ ಅಳೆಯೋದು ಹೇಗೆ? ಸೆಕೆಗಾಲದಲ್ಲಿ ಬಾಟಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಸಾಕು. ಲೋಟದ ಮೂರನೇ ಒಂದು ಪಾಲು ಮಾತ್ರ ಸುರಿದು, ಬಿಳಿ ಕಾಗದದ ಮೇಲೆ ವಾಲಿಸಿ. ಅಂಚು ನೇರಳೆಯಾದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾದದ್ದು. ಒಂದು ಸುತ್ತು ತಿರುಗಿಸಿ ಮೂಸಿ. ಹಳೇ ಪದ್ಧತಿಯ ರಿಯೋಹಾದಲ್ಲಿ ಕೊಬ್ಬರಿಯ ವಾಸನೆ ಬಂದರೆ ಗಾಬರಿ ಬೇಡ, ಅದು ಅಮೆರಿಕದ ಓಕ್ ಪೀಪಾಯಿಯ ಕೊಡುಗೆ. ನೆನೆದ ಗೋಣಿಚೀಲದ ವಾಸನೆ ಹೊಡೆದರೆ ಮಾತ್ರ ಮಾವನವರ ತೀರ್ಪೇ ಸರಿ, ಬಿರಡೆ ಕೆಟ್ಟಿದೆ.

ಆಮೇಲೆ ಗುಟುಕು. ಹಸಿ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಹಿಡಿದರೆ ಒರಟು ವೈನು. ಮಾಗಿದ ನೇರಳೆಯಂತೆ ಸವರಿಕೊಂಡು ಹೋಗಿ, ನುಂಗಿದ ಮೇಲೂ ರುಚಿ ನಿಂತರೆ ಪಳಗಿದ್ದು. ಪಳಗಲು ಕಾಲ ಬೇಕು: ರಿಯೋಹಾದ ಚೀಟಿಯಲ್ಲಿ 'ಕ್ರಿಯಾಂಜಾ' ಎಂದಿದ್ದರೆ ಕನಿಷ್ಠ 2 ವರ್ಷ, 'ರಿಸೆರ್ವಾ' 3, 'ಗ್ರಾನ್ ರಿಸೆರ್ವಾ' 5. ಪ್ರಿಯೊರಾತ್ ಸೀಮೆಯದು ಇನ್ನೂ ಜಬರ್ದಸ್ತು, ಮೊದಲ ಸಲಕ್ಕೆ ಬೇಡ.

ಕುಡಿಯಿರಿ ಅಂತ ಈ ಅಂಕಣ ಯಾರಿಗೂ ಹೇಳುತ್ತಿಲ್ಲ. ಕುಡಿಯುವವರು ಬರೀ ಹೊಟ್ಟೆಯಲ್ಲಿ ತೀರ್ಪು ಕೊಡಬೇಡಿ. ಜೊತೆಗೆ ಮಟನ್ ಚಾಪ್ಸ್ ಇದ್ದರೆ ಅದರ ಜಿಡ್ಡಿಗೆ ಒಗರು ತಾನೇ ಮೆತ್ತಗಾಗುತ್ತೆ. ಮಿಕ್ಕದ್ದಕ್ಕೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ತಡೆಯುತ್ತೆ. ಅಳಿಯಂದಿರನ್ನು ಬಸ್ ಹತ್ತಿಸಿ ಬಂದು ಇನ್ನೊಮ್ಮೆ ನೋಡಿದರಾಯಿತು.