ಒಂದೇ ಕಥೆ, ಎರಡು ಬಳಗ: ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮರುನಿರ್ಮಾಣದಲ್ಲಿ ಪಾತ್ರಗಳ ಪಾಡೇನು?

ಮೂಲಕಥೆ ಒಂದೇ, ನಿರ್ಮಿಸಿದ ಸ್ಟುಡಿಯೊ ಒಂದೇ, ಧಾರಾವಾಹಿಗಳು ಮಾತ್ರ ಎರಡು. ಜಪಾನಿನ ಬೋನ್ಸ್ ಸ್ಟುಡಿಯೊ 2003ರಲ್ಲಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಅನಿಮೆಯನ್ನು ತೆರೆಗೆ ತಂದಿತು. 2009ರಲ್ಲಿ ಅದನ್ನೇ ಮೊದಲಿನಿಂದ ಮತ್ತೆ ನಿರ್ಮಿಸಿತು. ಈ ಎರಡನೆಯದು ಹೊರದೇಶಗಳಲ್ಲಿ ‘ಬ್ರದರ್‌ಹುಡ್’ ಎಂಬ ಹೆಸರಿನಿಂದ ಪರಿಚಿತ. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಅಭಿಮಾನಿಗಳ ವಲಯದಲ್ಲಿ ಇಂದಿಗೂ ನಿಂತಿಲ್ಲ. ಕಥಾನಾಯಕರಿಗಿಂತ ಹೆಚ್ಚಾಗಿ ಅವರ ಸುತ್ತಲಿನ ಪಾತ್ರಗಳನ್ನು ನಡೆಸಿಕೊಂಡ ಬಗೆಯೇ ಈ ಚರ್ಚೆಯ ಮೂಲ. (ಕಥೆಯ ಮುಖ್ಯ ತಿರುವುಗಳೂ ಅಂತ್ಯವೂ ಮುಂದೆ ಪ್ರಸ್ತಾಪವಾಗಿವೆ.)

ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೋದ ಇಬ್ಬರು ಬಾಲಕರ ಕಥೆಯಿದು. ಅಣ್ಣ ಎಡ್ವರ್ಡ್ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ತಮ್ಮ ಅಲ್ಫೋನ್ಸ್ ಇಡೀ ದೇಹವನ್ನೇ ಕಳೆದುಕೊಂಡು, ಲೋಹದ ಕವಚವೊಂದರಲ್ಲಿ ಆತ್ಮವಾಗಿ ಉಳಿಯುತ್ತಾನೆ. ಕಳೆದುದನ್ನು ಮರಳಿ ಪಡೆಯಲು ಪರುಷಮಣಿಯನ್ನು ಅರಸುವ ಅವರ ಹಾದಿಯಲ್ಲಿ ಸೈನಿಕರು, ಹಂತಕರು, ‘ಹೊಮಂಕ್ಯುಲಸ್’ ಎಂಬ ಕೃತಕ ಮಾನವರು ಎದುರಾಗುತ್ತಾರೆ.

ಎರಡು ದಾರಿ ಏಕೆ?

ಹಿರೋಮು ಅರಕಾವಾ ಅವರ ಮೂಲ ಮಂಗಾ, ಅಂದರೆ ಚಿತ್ರಕಥಾ ಮಾಲಿಕೆ, 2001ರಲ್ಲಿ ಆರಂಭವಾಗಿ 2010ರಲ್ಲಿ 27 ಸಂಪುಟಗಳೊಂದಿಗೆ ಮುಗಿಯಿತು. 2003ರ ವೇಳೆಗೆ ಕಥೆ ಇನ್ನೂ ಆರಂಭದ ಹಂತದಲ್ಲಿತ್ತು. ಹೀಗಾಗಿ ನಿರ್ದೇಶಕ ಸೇಜಿ ಮಿಜುಶಿಮಾ ಅವರ ತಂಡ ಲೇಖಕಿಯ ಒಪ್ಪಿಗೆ ಪಡೆದು, ಬೇರೊಂದು ಕಥೆಯನ್ನು ಹೆಣೆದು 51 ಕಂತುಗಳಲ್ಲಿ ಮುಗಿಸಿತು. ಯಸುಹಿರೊ ಇರಿಯೆ ನಿರ್ದೇಶನದ ‘ಬ್ರದರ್‌ಹುಡ್’ 64 ಕಂತುಗಳಲ್ಲಿ ಮಂಗಾವನ್ನೇ ಅನುಸರಿಸಿತು. 2010ರಲ್ಲಿ ಮಂಗಾ ಮುಗಿದ ಕೆಲವೇ ವಾರಗಳಲ್ಲಿ ಧಾರಾವಾಹಿಯೂ ಮುಗಿಯಿತು.

ಚಿಕ್ಕ ಬಳಗ, ಆಳದ ನೋವು

ಮೊದಲ ಧಾರಾವಾಹಿ ತನ್ನ ಪಾತ್ರಗಳನ್ನು ಒಬ್ಬರಿಗೊಬ್ಬರು ಬಿಗಿಯಾಗಿ ಕಟ್ಟಿಹಾಕಿತು. ಇಲ್ಲಿ ಹೊಮಂಕ್ಯುಲಸ್‌ಗಳು ಹುಟ್ಟುವುದು ಸತ್ತವರನ್ನು ಬದುಕಿಸುವ ವಿಫಲ ಯತ್ನಗಳಿಂದ. ಸೋದರರ ಶತ್ರುಗಳಲ್ಲಿ ಒಬ್ಬಳಿಗೆ ಅವರ ತಾಯಿಯದೇ ಮುಖ. ಗೆಳತಿ ವಿನ್ರಿಯ ಹೆತ್ತವರನ್ನು ಕೊಂದವನು, ಆದೇಶ ಪಾಲಿಸಿದ ಸೇನಾಧಿಕಾರಿ ಮಸ್ಟಾಂಗ್. ‘ಬ್ರದರ್‌ಹುಡ್’ನಲ್ಲಿ ಆ ಕೊಲೆ ನಡೆಯುವುದು ಸೇಡಿನ ಉನ್ಮಾದದಲ್ಲಿದ್ದ ಸ್ಕಾರ್‌ನ ಕೈಯಿಂದ.

ಸೇನಾಧಿಕಾರಿ ಹ್ಯೂಸ್‌ನ ಸಾವು ಈ ವ್ಯತ್ಯಾಸಕ್ಕೆ ಒಳ್ಳೆಯ ನಿದರ್ಶನ. ಮೊದಲ ಧಾರಾವಾಹಿಯಲ್ಲಿ ಅವನು ಸಾಯುವುದು 25ನೆಯ ಕಂತಿನಲ್ಲಿ. ಅಷ್ಟರೊಳಗೆ ಸೋದರರು ಅವನ ಮನೆಯಲ್ಲಿ ತಂಗಿರುತ್ತಾರೆ, ಅವನ ಮಗಳು ಹುಟ್ಟಿದಾಗ ಅಲ್ಲೇ ಇರುತ್ತಾರೆ. ಪ್ರೇಕ್ಷಕನಿಗೂ ಅವನು ಮನೆಯವನೇ ಆಗಿಬಿಟ್ಟಿರುತ್ತಾನೆ. ‘ಬ್ರದರ್‌ಹುಡ್’ನಲ್ಲಿ ಅದೇ ಸಾವು 10ನೆಯ ಕಂತಿನಲ್ಲೇ ಬರುತ್ತದೆ. ಈಗಾಗಲೇ ತೋರಿಸಿದ ಭಾಗವನ್ನು ಬೇಗ ದಾಟುವ ಆತುರ ಆರಂಭದ ಕಂತುಗಳಲ್ಲಿ ಎದ್ದು ಕಾಣುತ್ತದೆ. ಮೊದಲ ಬಾರಿಗೆ ನೋಡುವವರು ಅದರ ಬೆಲೆ ತೆರಬೇಕಾಗುತ್ತದೆ.

ದೊಡ್ಡ ಬಳಗ, ಎಲ್ಲರಿಗೂ ಕೆಲಸ

ಉಳಿಸಿದ ಸಮಯವನ್ನು ‘ಬ್ರದರ್‌ಹುಡ್’ ವ್ಯಯಿಸಿದ್ದು ಹೊಸಬರ ಮೇಲೆ. ಶಿಂಗ್ ದೇಶದ ರಾಜಕುಮಾರ ಲಿಂಗ್, ಅವನ ಅಂಗರಕ್ಷಕಿ ಲ್ಯಾನ್ ಫ್ಯಾನ್, ಪುಟ್ಟ ಹುಡುಗಿ ಮೇ ಚಾಂಗ್, ಉತ್ತರದ ಕೋಟೆಯನ್ನು ಕಾಯುವ ಸೇನಾನಿ ಒಲಿವಿಯರ್: ಇವರಾರೂ ಮೊದಲ ಧಾರಾವಾಹಿಯಲ್ಲಿಲ್ಲ. ಅಲ್ಲಿ ಕಥೆ ಮುಗಿಯುವ ಮೊದಲೇ ಸಾಯುವ ಸ್ಕಾರ್, ಇಲ್ಲಿ ತಾನು ದ್ವೇಷಿಸಿದವರ ಜೊತೆಗೇ ನಿಂತು ಹೋರಾಡಿ ಬದುಕುಳಿಯುತ್ತಾನೆ. ಒಂದೇ ದಿನದ ಅಂತಿಮ ಸಂಘರ್ಷ ಹನ್ನೆರಡಕ್ಕೂ ಹೆಚ್ಚು ಕಂತುಗಳಲ್ಲಿ ಹರಡಿಕೊಂಡಿದೆ. ಪ್ರತಿಯೊಬ್ಬರಿಗೂ ಅದರಲ್ಲೊಂದು ಹೊಣೆಯಿದೆ. ಗಣಿ ಊರಿನ ಭ್ರಷ್ಟ ಅಧಿಕಾರಿಯಾಗಿದ್ದ, ಎಲ್ಲರ ನಗೆಪಾಟಲಿಗೆ ಗುರಿಯಾದ ಯೋಕಿಯೂ ನಿರ್ಣಾಯಕ ಕ್ಷಣದಲ್ಲಿ ಕಾರು ನುಗ್ಗಿಸಿ ನೆರವಾಗುತ್ತಾನೆ!

ಇದರಲ್ಲಿ ನಷ್ಟವೂ ಇಲ್ಲದಿಲ್ಲ. ಮೊದಲ ಧಾರಾವಾಹಿಯಲ್ಲಿ ಆದ್ಯಂತ ಬರುವ ರೋಸ್ ಇಲ್ಲಿ ಒಂದೆರಡು ಪ್ರಸಂಗಗಳಿಗೆ ಸೀಮಿತ. ಹೊಮಂಕ್ಯುಲಸ್‌ಗಳಿಗೂ ಸತ್ತ ಆಪ್ತರ ಮುಖವಿಲ್ಲ. ತಾಯಿಯನ್ನು ಹೋಲುತ್ತಿದ್ದವಳ ಹೆಸರು ಇಲ್ಲಿ ಸುರಂಗ ತೋಡುವ ದೈತ್ಯನ ಪಾಲಾಗಿದೆ.

ಅಂತ್ಯವೇ ಉತ್ತರ

ಈ ಎರಡು ಬಗೆಯ ತರ್ಕ ಸ್ಪಷ್ಟವಾಗುವುದು ಮುಕ್ತಾಯದಲ್ಲಿ. ಮೊದಲ ಧಾರಾವಾಹಿಯಲ್ಲಿ ಪಾತ್ರಗಳು ಒಂದೊಂದಾಗಿ ಕಳಚಿಕೊಳ್ಳುತ್ತ, ಕೊನೆಗೆ ಸೋದರರೂ ಎರಡು ಲೋಕಗಳಲ್ಲಿ ಬೇರಾಗುತ್ತಾರೆ. ಎಡ್ವರ್ಡ್ ಜರ್ಮನಿಯಲ್ಲಿ, ತಮ್ಮನಿಂದ ದೂರ. ‘ಬ್ರದರ್‌ಹುಡ್’ನಲ್ಲಿ ಅವನು ತಮ್ಮನ ದೇಹಕ್ಕಾಗಿ ತನ್ನ ರಸವಿದ್ಯೆಯನ್ನೇ ತೆತ್ತುಬಿಡುತ್ತಾನೆ, ಜೊತೆಗಾರರಿರುವಾಗ ವಿದ್ಯೆ ಬೇಕಿಲ್ಲವೆಂಬುದು ಅವನ ನಿಲುವು. ಅಷ್ಟು ಜನರನ್ನು ಒಟ್ಟುಗೂಡಿಸದೆ ಹೋಗಿದ್ದರೆ ಆ ಮಾತಿಗೆ ತೂಕವೇ ಇರುತ್ತಿರಲಿಲ್ಲ. ಹಾಗೆಯೇ, ಅಷ್ಟು ಜನರಿದ್ದಿದ್ದರೆ ಮೊದಲನೆಯದರ ಒಂಟಿತನ ನಂಬುವಂತಿರುತ್ತಿರಲಿಲ್ಲ.

ಆದ್ದರಿಂದ ಹೆಚ್ಚು ಪಾತ್ರಗಳಿದ್ದರೆ ಮರುನಿರ್ಮಾಣ ಗೆದ್ದಿತೆಂದಾಗಲೀ, ಕಡಿಮೆಯಿದ್ದರೆ ಮೂಲವೇ ಮೇಲೆಂದಾಗಲೀ ತೀರ್ಪು ನೀಡುವುದು ಅವಸರದ ಮಾತಾದೀತು. ಒಂದು ಧಾರಾವಾಹಿ ಅಗಲಿಕೆಯ ಕಥೆ ಹೇಳಿದೆ, ಇನ್ನೊಂದು ಕೂಡಿಕೆಯ ಕಥೆ. ಹೊಸದಾಗಿ ನೋಡಹೊರಟವರು 2003ರದರಿಂದಲೇ ಆರಂಭಿಸುವುದು ಲೇಸು. ಹ್ಯೂಸ್‌ನನ್ನು ನಿಧಾನವಾಗಿ ಅರಿತವರಿಗೆ ‘ಬ್ರದರ್‌ಹುಡ್’ನ ಅವಸರ ಅಷ್ಟಾಗಿ ಬಾಧಿಸದು.